ಹಸಿದ ಮಕ್ಕಳ ತಾಯಿ: ಪಂಡಿತಾ ರಮಾಬಾಯಿಯವರ ಜೀವಿತದಿಂದ ಒಂದು ಪಾಠ



ಕೋಲಾರ ಸೀಮೆಯವರಾದ ನಮಗೆ ಬರಗಾಲವೆಂಬ ಮಾತು ಹೊಸದಲ್ಲ. 1876ರಿಂದ 1878ರ ವರೆಗೆ ಮೈಸೂರು ಸಂಸ್ಥಾನವನ್ನು ಪೀಡಿಸಿದ ಮಹಾ ಕ್ಷಾಮದಲ್ಲಿ ಲಕ್ಷಾಂತರ ಜನರು ಸತ್ತರು. ಅನೇಕ ಮಕ್ಕಳು ತಂದೆತಾಯಿಗಳಿಲ್ಲದವರಾದರು. ಆ ಕಾಲದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಸ್ತ್ರೀಯು ಕೋಲಾರದಲ್ಲಿ ಅಂಥ ಮಕ್ಕಳಿಗೆ ಆಶ್ರಯ ಕೊಟ್ಟರು. 1890ರಲ್ಲಿ ಆ ಕೆಲಸವು ಮೆಥೊಡಿಸ್ಟ್ ಮಿಷನ್ನಿನವರ ವಶಕ್ಕೆ ಬಂತು. ಅದೇ ವಿಧವಾದ ಸೇವೆಯನ್ನು ಇನ್ನೂ ವಿಸ್ತಾರವಾಗಿ ನಡಿಸಿದ, ನಮ್ಮ ಕನ್ನಡ ನಾಡಿನಲ್ಲೇ ಹುಟ್ಟಿದ ಒಬ್ಬ ತಾಯಿಯ ಚರಿತ್ರೆಯನ್ನು ಈ ಪಾಠದಲ್ಲಿ ವಿಚಾರಿಸೋಣ. ಹಸಿದ ಮಗುವಿಗೆ ಅನ್ನವಿಕ್ಕುವದು ಒಂದು ದಿನದ ಕೆಲಸ. ಆ ಮಗುವು ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡುವದು ಹಲವು ವರುಷಗಳ ಕೆಲಸ. ಇವೆರಡನ್ನೂ ಬಿಡದೆ ಮಾಡಿದವರೇ ಪಂಡಿತಾ ರಮಾಬಾಯಿಯವರು.

1. ಬಾಲ್ಯವೂ ಸಂಕಟವೂ

ರಮಾಬಾಯಿಯವರು 1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯಸ್ಥಳದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳ ಗ್ರಾಮದವರು. ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಹೆಂಗಸರು ಸಂಸ್ಕೃತವನ್ನು ಓದಬಾರದೆಂದು ಜನರು ತಿಳಿದಿದ್ದ ಆ ಕಾಲದಲ್ಲಿ, ಅವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು. ಆ ತಾಯಿಯು ಮಗಳಿಗೆ ಕಲಿಸಿದಳು.

ಆಸ್ತಿಯು ಕೈಬಿಟ್ಟು ಹೋದ ಮೇಲೆ ಈ ಕುಟುಂಬದವರು ಪುರಾಣ ಓದುತ್ತಾ ಯಾತ್ರಾಸ್ಥಳದಿಂದ ಯಾತ್ರಾಸ್ಥಳಕ್ಕೆ ಕಾಲ್ನಡೆಯಾಗಿ ಅಲೆದರು. ಕೊನೆಗೆ ಬರಗಾಲದ ಹಸಿವು ಅವರನ್ನು ಮುರಿಯಿತು. ರಮಾಬಾಯಿಯವರಿಗೆ ಸುಮಾರು 16 ವರುಷವಾಗಿದ್ದಾಗ ತಂದೆಯೂ ತಾಯಿಯೂ ಅಕ್ಕನೂ ಒಬ್ಬರ ಹಿಂದೊಬ್ಬರು ತೀರಿಹೋದರು. ಉಳಿದ ಅಣ್ಣ ತಂಗಿಯರು ದೇಶವನ್ನೆಲ್ಲಾ ನಡೆದು 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿನ ವಿದ್ವಾಂಸರು ಈ ಎಳೆಯ ಹೆಂಗಸಿನ ಪಾಂಡಿತ್ಯವನ್ನು ಪರೀಕ್ಷಿಸಿ, ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಬಿರುದು ಕೊಟ್ಟರು.

1880ರಲ್ಲಿ ಅಣ್ಣನು ಸತ್ತನು. ಅದೇ ವರುಷ ಅವರು ಜಾತಿಭೇದವನ್ನು ಎಣಿಸದೆ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. 1881ರಲ್ಲಿ ಮಗಳು ಮನೋರಮೆಯು ಹುಟ್ಟಿದಳು. 1882ರಲ್ಲಿ ಗಂಡನು ವಾಂತಿಭೇದಿಯಿಂದ ಮೃತಪಟ್ಟನು. ಹೀಗೆ ಅನಾಥತ್ವ, ಹಸಿವು, ವೈಧವ್ಯ, ಈ ಮೂರನ್ನೂ ಅವರು 24 ವರುಷ ವಯಸ್ಸಿನೊಳಗೇ ಅನುಭವಿಸಿದರು. ಮುಂದೆ ಅವರು ಯಾರ ಕಣ್ಣೀರನ್ನು ಒರಸಿದರೋ ಆ ಕಣ್ಣೀರಿನ ರುಚಿಯು ಅವರಿಗೆ ಮೊದಲೇ ತಿಳಿದಿತ್ತು.

2. ಕೆಲಸಕ್ಕೆ ಸಿದ್ಧತೆ

1883ರಲ್ಲಿ ಅವರು ವೈದ್ಯವಿದ್ಯೆ ಕಲಿಯಬೇಕೆಂದು ಚಿಕ್ಕ ಮಗಳೊಡನೆ ಇಂಗ್ಲೆಂಡಿಗೆ ಹೋದರು. ಕಿವಿಯು ಮಂದವಾದದ್ದರಿಂದ ಆ ಬಯಕೆಯು ನೆರವೇರಲಿಲ್ಲ. ಅದೇ ವರುಷ ವಾಂಟೇಜ್ ಎಂಬಲ್ಲಿ ದೀಕ್ಷಾಸ್ನಾನ ಹೊಂದಿದರು. 1886ರಲ್ಲಿ ಅಮೇರಿಕಕ್ಕೆ ಹೋಗಿ, ಮೇಲುಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಬರೆದ ಪುಸ್ತಕವನ್ನು 1887ರಲ್ಲಿ ಪ್ರಕಟಿಸಿದರು. ಅಲ್ಲಿಯವರು ಸಂಘ ಕಟ್ಟಿ, ಹತ್ತು ವರುಷ ಸಹಾಯಮಾಡುವೆವೆಂದು ಮಾತು ಕೊಟ್ಟರು.

1889ರ ಮಾರ್ಚಿಯಲ್ಲಿ ಬೊಂಬಾಯಿಯಲ್ಲಿ ‘ಶಾರದಾ ಸದನ’ವೆಂಬ ಶಾಲೆಯು ಆರಂಭವಾಯಿತು, ಮರುವರುಷ ಅದು ಪೂನಾಕ್ಕೆ ಹೋಯಿತು. ಬಾಲವಿಧವೆಯರು ಅಲ್ಲಿ ಓದುಬರಹ ಕಲಿತರು. ಮೊದಲನೆಯ ವಿದ್ಯಾರ್ಥಿನಿಯರಲ್ಲಿ ಸೇರಿದ ಗೋದೂಬಾಯಿಯು 1893ರಲ್ಲಿ ಧೊಂಡೋ ಕೇಶವ ಕರ್ವೆಯವರನ್ನು ಮದುವೆಯಾದಳು; ಆ ಕರ್ವೆಯವರೇ ಮುಂದೆ ವಿಧವೆಯರಿಗಾಗಿ ತಾವೂ ಆಶ್ರಮ ಕಟ್ಟಿದರು. ಆದರೆ ಅದೇ 1893ರಲ್ಲಿ ಸದನದ ಹುಡುಗಿಯರು ಕ್ರೈಸ್ತ ಮತದ ಕಡೆಗೆ ತಿರುಗುತ್ತಾರೆಂದು ದೊಡ್ಡ ಗದ್ದಲವೆದ್ದು, ಪೋಷಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಬಾಯಿಯವರು ಧೈರ್ಯಗೆಡದೆ ಉಳಿದವರಿಗೆ ಪಾಠ ಹೇಳಿದರು.

3. ಕ್ಷಾಮದಲ್ಲಿ ಮಾಡಿದ ಸೇವೆ

ಅಮೇರಿಕದವರ ಸಹಾಯವು ಹತ್ತು ವರುಷಕ್ಕೆ ಮಾತ್ರವೆಂದು ತಿಳಿದು, ಬಾಯಿಯವರು ಪೂನಾದಿಂದ ಸೊಲ್ಲಾಪುರಕ್ಕೆ ಹೋಗುವ ರೈಲು ದಾರಿಯಲ್ಲಿನ ಕೇಡಗಾಂವದಲ್ಲಿ ಸುಮಾರು 100 ಎಕರೆ ಭೂಮಿಯನ್ನು ಕೊಂಡು, ಬಾವಿ ತೋಡಿಸಿ ಹಣ್ಣಿನ ಗಿಡಗಳನ್ನು ನೆಡಿಸಿದ್ದರು. ಈ ಮುಂದಾಲೋಚನೆಯು ವ್ಯರ್ಥವಾಗಲಿಲ್ಲ. 1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭಯಂಕರ ಕ್ಷಾಮವುಂಟಾಯಿತು. ಬಾಯಿಯವರು ತಾವೇ ಅಲ್ಲಿಗೆ ಹೋಗಿ, ದಿಕ್ಕಿಲ್ಲದೆ ಬಿದ್ದಿದ್ದ ನೂರಾರು ಹುಡುಗಿಯರನ್ನು ಕೂಡಿಸಿದರು. ಅನಾಥ ಹುಡುಗಿಯರನ್ನು ಕೆಟ್ಟ ಕೆಲಸಕ್ಕೆ ಕೊಂಡೊಯ್ಯುವ ದುಷ್ಟರು ಅಲ್ಲಿ ಹೊಂಚುಹಾಕುತ್ತಿದ್ದ ಕಾರಣ, ತಡಮಾಡುವದಕ್ಕೆ ಆಸ್ಪದವಿರಲಿಲ್ಲ. ಪೂನಾದಲ್ಲಿ ಪ್ಲೇಗು ಇದ್ದದ್ದರಿಂದ ಮಕ್ಕಳನ್ನು ಕೇಡಗಾಂವಕ್ಕೆ ಕರಕೊಂಡು ಹೋಗಿ, ಮೊದಲು ಡೇರೆ ಗುಡಿಸಲುಗಳಲ್ಲಿ ಇಟ್ಟರು. ಆ ಸ್ಥಳಕ್ಕೆ ‘ಮುಕ್ತಿ’ ಎಂದು ಹೆಸರಾಯಿತು. 1900ರಲ್ಲಿ ಗುಜರಾತದ ಕ್ಷಾಮದ ಮಕ್ಕಳೂ ಸೇರಿದಾಗ ಅಲ್ಲಿ ಸುಮಾರು 1,500 ಮಂದಿ ವಾಸವಾಗಿದ್ದರು.

ಇಷ್ಟು ಜನರಿಗೆ ಗಂಜಿ ಕಾಯಿಸುವದೇ ಮಹಾಕಾರ್ಯವಲ್ಲವೇ? ಆದರೂ ಬಾಯಿಯವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ರೋಗಿಗಳಿಗೆ ಔಷಧವುಂಟಾಯಿತು, ಬಳಿಕ ಪ್ರತಿಯೊಬ್ಬಳಿಗೂ ಪಾಠ, ಪಾಠದೊಡನೆ ಒಂದು ಕೈಕೆಲಸ. ಕೆಲವರು ಮಗ್ಗದಲ್ಲಿ ನೇಯ್ದರು, ಕೆಲವರು ಹೊಲಿದರು, ಕೆಲವರು ದನಗಳನ್ನೂ ಹೊಲವನ್ನೂ ನೋಡಿಕೊಂಡರು, ಕೆಲವರು ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದರು. ಕುರುಡರು ಬ್ರೈಲ್ ಅಕ್ಷರಗಳನ್ನು ಮುಟ್ಟಿ ಓದಿದರು. ದಾರಿತಪ್ಪಿದ ಹೆಂಗಸರಿಗೆ ‘ಕೃಪಾ ಸದನ’ವೆಂಬ ಮನೆಯಿತ್ತು. ಬಾಯಿಯವರು ಬೈಬಲನ್ನು ಸುಲಭವಾದ ಮರಾಠಿಗೆ ತಿರುಗಿಸಿದಾಗ ಅದನ್ನು ಅಚ್ಚುಮಾಡಿದವರು ಮುಕ್ತಿಯ ಹುಡುಗಿಯರೇ.

1912ರ ಸುಮಾರಿಗೆ ಈ ಸೇವೆಯು ಗುಲ್ಬರ್ಗಾಕ್ಕೂ, ಅಂದರೆ ಈಗಿನ ಕಲಬುರಗಿಗೂ, ಬಂತು. ಅಲ್ಲಿ ಸ್ಥಾಪಿತವಾದ ಶಾಲೆಗೆ ಮನೋರಮಾಬಾಯಿಯು ಮುಖ್ಯಸ್ಥಳಾದಳು. 1919ರಲ್ಲಿ ಸರಕಾರವು ತಾಯಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1921ರಲ್ಲಿ ಮಗಳು ತೀರಿಹೋದಳು. ತಾಯಿಯು 1922ರ ಏಪ್ರಿಲ್ 5ರಂದು ವಿಶ್ರಾಂತಿ ಹೊಂದಿದರು. ಮುಕ್ತಿಯ ಕೆಲಸವು ಇಂದಿಗೂ ನಿಂತಿಲ್ಲ.

4. ನಾವು ಕಲಿಯತಕ್ಕದ್ದು

ಮೊದಲನೆಯದು: ಹೆಣ್ಣುಮಗುವಿನ ವಿದ್ಯೆಯು ವ್ಯರ್ಥವಲ್ಲ. ಒಬ್ಬ ತಂದೆಯು ತನ್ನ ಹೆಂಡತಿಗೆ ಅಕ್ಷರ ಕಲಿಸಿದ್ದರ ಫಲವನ್ನು ಸಾವಿರಾರು ಮಕ್ಕಳು ಉಂಡರು. ಗೌನಿಪಲ್ಲಿಯಲ್ಲಾಗಲಿ ಸುತ್ತಣ ಹಳ್ಳಿಗಳಲ್ಲಾಗಲಿ, ಮಾವಿನ ತೋಟದ ಕೂಲಿಗೂ ರೇಷ್ಮೆಹುಳದ ಕೆಲಸಕ್ಕೂ ಮಗಳನ್ನು ಶಾಲೆ ಬಿಡಿಸುವಾಗ ನಾವು ಇದನ್ನು ನೆನಸಬೇಕು. 2009ರ ಕಾನೂನಿನಂತೆ 6ರಿಂದ 14 ವರುಷದ ಮಕ್ಕಳಿಗೆಲ್ಲಾ ಉಚಿತ ಶಿಕ್ಷಣದ ಹಕ್ಕುಂಟು. 2006ರ ಕಾನೂನಿನಂತೆ 18 ತುಂಬದ ಹುಡುಗಿಗೆ ಮದುವೆ ಮಾಡುವದು ಅಪರಾಧ.

ಎರಡನೆಯದು: ದಯೆಗೆ ಕ್ರಮವೂ ಬೇಕು. ಬಾಯಿಯವರ ದಿನಗಳಲ್ಲಿ ಅನಾಥ ಮಗುವನ್ನು ಕಂಡವರು ಮನೆಗೆ ಕರಕೊಂಡು ಹೋಗುತ್ತಿದ್ದರು. ಈಗ ಹಾಗೆ ಇಟ್ಟುಕೊಳ್ಳುವದು ತಕ್ಕದ್ದಲ್ಲ. ದಿಕ್ಕಿಲ್ಲದ ಮಗುವನ್ನು ಕಂಡರೆ 1098 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು, ಇಲ್ಲವೆ ಪೊಲೀಸರಿಗೆ ತಿಳಿಸಬೇಕು. 24 ಗಂಟೆಗಳೊಳಗೆ ಆ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರತಕ್ಕದ್ದು. ಇದು ಮಗುವನ್ನು ಕಳ್ಳರ ಕೈಯಿಂದ ಕಾಯುವ ಬೇಲಿಯಾಗಿದೆ.

ಮೂರನೆಯದು: ಒಂದು ದಿನದ ದಾನವು ಸಾಲದು. ಹಬ್ಬದ ದಿನ ಅನಾಥ ಮಗುವಿಗೆ ಹೊಸ ಬಟ್ಟೆ ಕೊಟ್ಟು, ಮಿಕ್ಕ ದಿನಗಳಲ್ಲಿ ಅದರ ಹೆಸರನ್ನೇ ಮರೆಯುವವರು ಬಹಳ. ಆ ಮಗುವು ಈ ವರುಷ ಯಾವ ತರಗತಿಯಲ್ಲಿದೆ, ಯಾವ ಕಸಬನ್ನು ಕಲಿಯುತ್ತಿದೆ ಎಂದು ವರುಷ ವರುಷಕ್ಕೂ ವಿಚಾರಿಸುವವನೇ ಅದಕ್ಕೆ ನಿಜವಾದ ಬಂಧು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ರಮಾಬಾಯಿಯವರ ಬಾಲ್ಯದ ಕಷ್ಟಗಳು ಅವರನ್ನು ಈ ಸೇವೆಗೆ ಹೇಗೆ ಸಿದ್ಧಮಾಡಿದವು?
2. ಮುಕ್ತಿಯಲ್ಲಿ ಪಾಠದೊಡನೆ ಕೈಕೆಲಸವನ್ನು ಕಲಿಸಿದ್ದು ಯಾಕೆ?
3. ನಮ್ಮ ಊರಿನಲ್ಲಿ ಶಾಲೆ ಬಿಟ್ಟ ಮಕ್ಕಳು ಎಷ್ಟು ಮಂದಿ? ಅವರಲ್ಲಿ ಒಬ್ಬೊಬ್ಬರ ಮನೆಗೂ ನಮ್ಮೊಳಗೆ ಯಾರು ಹೋಗುವರು?