ಜರ್ಮನಿಯಲ್ಲಿ ಬೇಸಿಗೆ ಸೆಮಿಸ್ಟರ್ ಮುಗಿಸಿ ಹೊರಡುವ ಮುನ್ನ

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಬೇಸಿಗೆ ಸೆಮಿಸ್ಟರಿನ ಅವಧಿ ಸಾಮಾನ್ಯವಾಗಿ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಇದ್ದರೂ ತರಗತಿಗಳು ಬಹುಮಟ್ಟಿಗೆ ಜುಲೈ ಕೊನೆಯೊಳಗೆ ಮುಗಿಯುವುದರಿಂದ, ಒಂದೇ ಸೆಮಿಸ್ಟರಿಗೆಂದು ಬಂದ ಭಾರತದ ವಿದ್ಯಾರ್ಥಿಗೆ ಪರೀಕ್ಷೆ, ಕೊಠಡಿಯ ತೆರವು, ಪ್ರಯಾಣದ ಸಿದ್ಧತೆ ಮೂರೂ ಒಟ್ಟಿಗೆ ಬಂದೆರಗುತ್ತವೆ. ಆಗ ಸೂಟ್‌ಕೇಸ್ ತುಂಬುವುದಕ್ಕಿಂತ ಮುಖ್ಯವಾದುದು ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಕ್ರಮ. ಸ್ಥಳೀಯ ವಿಳಾಸ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಈ ಮೂರನ್ನೇ ಆಧರಿಸಿ ಉಳಿದೆಲ್ಲ ವ್ಯವಹಾರ ನಡೆಯುವುದರಿಂದ, ಇವುಗಳಲ್ಲಿ ಯಾವುದೊಂದನ್ನು ಅವಸರದಲ್ಲಿ ಮುಚ್ಚಿದರೂ ಊರಿಗೆ ಮರಳಿದ ಮೇಲೆ ಅದರ ಫಲ ಉಣ್ಣಬೇಕಾಗುತ್ತದೆ.

ಮೊದಲ ಸ್ಥಾನ ಓದಿನದು. ತರಗತಿಗಳು ಮುಗಿದೊಡನೆ ಪ್ರಾಧ್ಯಾಪಕರು ಸಂಶೋಧನೆಗೋ ರಜೆಗೋ ತೆರಳುವುದು ವಾಡಿಕೆಯಾದ್ದರಿಂದ, 'ಷ್ಪ್ರೆಖ್‌ಷ್ಟುಂಡೆ', ಎಂದರೆ ಅವರು ವಿದ್ಯಾರ್ಥಿಗಳ ಭೇಟಿಗೆಂದೇ ಮೀಸಲಿಡುವ ಸಮಯವನ್ನು ಜುಲೈ ಮಧ್ಯದಲ್ಲೇ ಕಾಯ್ದಿರಿಸಿ, ಮುಂದೆ ಬೇಕಾಗಬಹುದಾದ ಶಿಫಾರಸು ಪತ್ರದ ಮಾತನ್ನು ಎದುರಿಗೆ ಕೂತೇ ಆಡುವುದು ಮೇಲು. ಮುಖಪರಿಚಯ ಉಳಿದಿರುವ ವಿದ್ಯಾರ್ಥಿಯ ಬಗ್ಗೆ ಬರೆಯುವ ಪತ್ರಕ್ಕೆ ಇರುವ ಜೀವ, ಆರು ತಿಂಗಳ ನಂತರದ ಇಮೇಲಿಗೆ ಉತ್ತರವಾಗಿ ಬರುವ ಪತ್ರಕ್ಕೆ ಇರುವುದಿಲ್ಲ. ಅಂಕಪಟ್ಟಿ ಎಷ್ಟೋ ಸಲ ವಿದ್ಯಾರ್ಥಿ ಹೊರಟುಹೋದ ಮೇಲೆ ಸಿದ್ಧವಾಗುವುದರಿಂದ, ಅದನ್ನು ಯಾರು, ಯಾವಾಗ, ಯಾವ ವಿಳಾಸಕ್ಕೆ ಕಳುಹಿಸುತ್ತಾರೆ ಎಂಬುದನ್ನು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ ತಿಳಿದಿರಬೇಕು. ಜರ್ಮನಿಯಲ್ಲಿ 1.0 ಅತ್ಯುತ್ತಮ ದರ್ಜೆ, 4.0 ತೇರ್ಗಡೆಯ ಕೊನೆಯ ಮಿತಿ, 5.0 ಎಂದರೆ ಅನುತ್ತೀರ್ಣ. ಸಂಖ್ಯೆ ಇಳಿದಷ್ಟೂ ಸಾಧನೆ ಹೆಚ್ಚು ಎಂಬ ಈ ಪದ್ಧತಿ ಭಾರತದ ಕಾಲೇಜು ಕಚೇರಿಗಳಿಗೆ ಅಪರಿಚಿತವಾಗಿರಬಹುದಾದ್ದರಿಂದ, ದರ್ಜೆಗಳ ವಿವರಣೆಯನ್ನೂ ಪ್ರತಿ ವಿಷಯದ ಪಠ್ಯವಿವರದ ಪ್ರತಿಯನ್ನೂ ಜೊತೆಗೆ ಪಡೆದುಕೊಂಡರೆ ಇಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಅಲ್ಲಿ ಮಾನ್ಯ ಮಾಡಿಸುವುದು ಸುಲಭವಾಗುತ್ತದೆ.

ಎರಡನೆಯದು ಕೊಠಡಿ. ಬೆಂಗಳೂರಿನ ಬಾಡಿಗೆದಾರರು ಅಡ್ವಾನ್ಸ್ ಎನ್ನುವ ಹಣಕ್ಕೆ ಜರ್ಮನಿಯಲ್ಲಿ 'ಕೌಟ್ಸಿಯೋನ್' ಎಂಬ ಹೆಸರಿದ್ದು, ನೀರು, ಹೀಟರ್ ಮೊದಲಾದ ವೆಚ್ಚ ಸೇರಿಸದ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಅದು ಮೀರುವಂತಿಲ್ಲ ಎಂದು ಕಾನೂನು ಮಿತಿ ಹಾಕಿದೆ. ಆದರೆ ಅದನ್ನು ಇಂತಿಷ್ಟೇ ದಿನಗಳಲ್ಲಿ ಹಿಂತಿರುಗಿಸಬೇಕೆಂಬ ಗಡುವು ಕಾನೂನಿನಲ್ಲಿ ಇಲ್ಲದ ಕಾರಣ ಹಣ ಕೈಸೇರಲು ಕೆಲವು ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಕೀಲಿಕೈ ಒಪ್ಪಿಸುವ ದಿನ ಮನೆ ಮಾಲೀಕ ಅಥವಾ ಹಾಸ್ಟೆಲ್‌ನ ಮೇಲ್ವಿಚಾರಕರ ಜೊತೆ ಕೊಠಡಿಯನ್ನೆಲ್ಲ ನೋಡಿ, ಗೋಡೆ, ನೆಲ, ಕಿಟಕಿಗಳ ಸ್ಥಿತಿಯನ್ನೂ ಮೀಟರ್‌ಗಳ ಅಂಕಿಗಳನ್ನೂ ಬರೆದ ಹಸ್ತಾಂತರ ಪತ್ರಕ್ಕೆ, ಅಂದರೆ 'ಯೂಬರ್‌ಗಾಬೆಪ್ರೊಟೊಕೊಲ್'ಗೆ, ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಖಾಲಿ ಕೊಠಡಿಯ ಫೋಟೊಗಳೂ ಇರಲಿ. ಈ ಕೆಲಸವನ್ನು ಪ್ರಯಾಣದ ದಿನದ ಬೆಳಿಗ್ಗೆಗೆ ಇಟ್ಟುಕೊಂಡವರು ಆತುರದಲ್ಲಿ ಓದದೆಯೇ ಸಹಿ ಹಾಕುವ ಅಪಾಯವಿದೆ.

ವಿಳಾಸ ನೋಂದಾಯಿಸಿದ್ದ ವಿದ್ಯಾರ್ಥಿ ದೇಶ ಬಿಡುವಾಗ ಆ ನೋಂದಣಿಯನ್ನು ಪುರಸಭೆಯ ನಾಗರಿಕ ಕಚೇರಿಯಲ್ಲಿ ರದ್ದುಪಡಿಸುವುದು ಕಡ್ಡಾಯ. 'ಆಬ್‌ಮೆಲ್ಡುಂಗ್' ಎನ್ನುವ ಈ ವಿಧಿಯನ್ನು ಕೊಠಡಿ ಬಿಡುವುದಕ್ಕೆ ಒಂದು ವಾರ ಮೊದಲಿನಿಂದ ಬಿಟ್ಟ ಎರಡು ವಾರಗಳವರೆಗೆ ಪೂರೈಸಬಹುದು. ಅಲ್ಲಿ ಸಿಗುವ ದೃಢೀಕರಣ ಪತ್ರವನ್ನು ಜೋಪಾನ ಮಾಡಬೇಕು, ಏಕೆಂದರೆ ಆರೋಗ್ಯ ವಿಮೆಯನ್ನೂ ಸಾರ್ವಜನಿಕ ಪ್ರಸಾರ ಶುಲ್ಕವನ್ನೂ ನಿಲ್ಲಿಸಲು ಅದೇ ಆಧಾರ. ಟಿವಿ ಇರಲಿ ಬಿಡಲಿ ಪ್ರತಿ ಮನೆಗೆ ವಿಧಿಸುವ ಈ ಶುಲ್ಕ 2021ರ ಆಗಸ್ಟ್‌ನಲ್ಲಿ ತಿಂಗಳಿಗೆ 18.36 ಯೂರೊಗೆ ಏರಿತು. ವಿಳಾಸದ ನೋಂದಣಿ ರದ್ದಾದ ಮಾತ್ರಕ್ಕೆ ಇದೂ ತಾನಾಗಿ ನಿಲ್ಲುತ್ತದೆಂದು ನಂಬದೆ, ಪ್ರತ್ಯೇಕವಾಗಿ ತಿಳಿಸಿಯೇ ಹೊರಡುವುದು ಸರಿ. ದೇಶವ್ಯಾಪಿ ಸಂಚಾರದ ಮಾಸಿಕ ಪಾಸ್ ಆದ 'ಡಾಯ್ಚ್‌ಲಾಂಡ್ ಟಿಕೆಟ್' ಅನ್ನು ಚಂದಾ ರೂಪದಲ್ಲಿ ಪಡೆದವರು ಅದನ್ನು ಆಯಾ ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ಹೋಗುತ್ತದೆ.

ಕೆಲವೇ ವಾರಗಳ ಬೇಸಿಗೆ ಶಿಬಿರಕ್ಕೆ ಷೆಂಗನ್ ವೀಸಾದಲ್ಲಿ ಬಂದವರಿಗೆ ಇವುಗಳಲ್ಲಿ ಹೆಚ್ಚಿನವು ಅನ್ವಯಿಸುವುದಿಲ್ಲ. ಅವರು ಗಮನಿಸಬೇಕಾದುದು ವೀಸಾದಲ್ಲಿ ನಮೂದಾದ ದಿನಗಳನ್ನು, ಜೊತೆಗೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಎಂಬ ನಿಯಮವನ್ನು. ಬಂದ ದಿನವೂ ಹೊರಡುವ ದಿನವೂ ಈ ಲೆಕ್ಕಕ್ಕೆ ಸೇರುತ್ತವೆ.

ಕೊನೆಯ ಭಾನುವಾರವನ್ನು ಖರೀದಿಗೆ ಇಟ್ಟುಕೊಳ್ಳಬಾರದು, ಅಂದು ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಕೊಠಡಿಯಲ್ಲಿ ಉಳಿದ, ಒಮ್ಮೆ ಮಾತ್ರ ಬಳಸುವ ಪಾನೀಯದ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳನ್ನು ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ, 'ಪ್ಫಾಂಡ್' ಎಂಬ ಠೇವಣಿಯ ಬಾಬ್ತು ಒಂದಕ್ಕೆ 25 ಸೆಂಟ್‌ನಂತೆ ಮರಳಿ ಸಿಗುತ್ತದೆ. ಆ ಭಾನುವಾರ ನಡೆದಾಡುವುದಕ್ಕೆ ಇರಲಿ. ನೆಕಾರ್ ನದಿಯ ದಡದ ಟ್ಯೂಬಿಂಗನ್‌ಗೆ ಹತ್ತಿರವಿರುವ ಕನ್ನಡದ ವಿದ್ಯಾರ್ಥಿ ಆ ಊರನ್ನು ನೋಡದೆ ಹೊರಡುವುದು ದೊಡ್ಡ ನಷ್ಟವೇ ಸರಿ; 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಂಡ್ ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದದ್ದು ಅಲ್ಲಿಯೇ.

ಬ್ಯಾಂಕ್ ಖಾತೆಯನ್ನು ಮಾತ್ರ ಹೊರಡುವ ಮೊದಲು ಮುಚ್ಚಬಾರದು. ಕೊಠಡಿಯ ಠೇವಣಿ, ವಿಮೆಯ ಹೆಚ್ಚುವರಿ ಕಂತು ಇವೆಲ್ಲ ಅದೇ ಖಾತೆಗೆ ಬರಬೇಕಾದ್ದರಿಂದ, ಭಾರತದ ವಿಳಾಸವನ್ನು ಬ್ಯಾಂಕಿಗೆ ಕೊಟ್ಟು, ಲಾಗಿನ್‌ಗೆ ಬೇಕಾದ ಸಂಕೇತಗಳು ಜರ್ಮನ್ ಸಿಮ್‌ಗೆ ಬರುತ್ತಿದ್ದರೆ ಅದನ್ನು ಬ್ಯಾಂಕಿನ ಆ್ಯಪ್‌ಗೆ ಬದಲಾಯಿಸಿಕೊಂಡು, ಬರಬೇಕಾದ ಕೊನೆಯ ಮೊತ್ತ ಬಂದ ಬಳಿಕ ಉಳಿದ ಹಣವನ್ನು ಭಾರತಕ್ಕೆ ವರ್ಗಾಯಿಸಿ, ಖಾತೆ ಮುಚ್ಚುವಂತೆ ಊರಿನಿಂದಲೇ ಲಿಖಿತವಾಗಿ ಕೋರಬಹುದೇ ಎಂಬುದನ್ನು ಶಾಖೆಯಲ್ಲಿ ವಿಚಾರಿಸಿಕೊಂಡಿರಬೇಕು.