ಹಾಳಿ ತಿರುವಿದರೆ ಸಾಲದು

ಹಡಗಲಿ ಮಲ್ಲಿಗೆಗೆ ಶಾಪ ಹಾಕಿದವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಹೂವಿನ ತಪ್ಪೇನಿಲ್ಲ ಬಿಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೊಗ್ಗಿನ ಗಂಟನ್ನು ನನ್ನ ಚೀಲಕ್ಕೆ, ಅದೂ ಚಿತ್ರದ ಹಾಳಿಗಳ ಮೇಲೆಯೇ, ತುರುಕಿದ ಭಾವಮೈದುನನದು. ಬಸ್ಸಿಳಿದು ನೋಡಿದರೆ ಹಾಳಿಗಳು ಒಂದಕ್ಕೊಂದು ಅಂಟಿ, ಗೆರೆಗಳೆಲ್ಲ ಕಲಸಿಹೋಗಿದ್ದವು.

ಆದರೂ ನಾನು ಗಾಬರಿಯಾಗಲಿಲ್ಲ. ಚಿತ್ರ ಬರೆದದ್ದು ಡಿಜಿಟಲ್ ನೋಟ್‌ಪ್ಯಾಡ್ ಮೇಲೆ. ಮಾಮೂಲಿ ಹಾಳಿಯನ್ನೇ ಹಲಗೆಗೆ ಸಿಕ್ಕಿಸಿ, ಮಸಿಯಿರುವ ಪೆನ್ನಿನಿಂದಲೇ ಬರೆಯಬೇಕು. ಪೆನ್ನಿನೊಳಗೆ ಒಂದು ತಂತಿಸುರುಳಿ, ಹಲಗೆಯಲ್ಲಿ ಕಾಂತಕ್ಷೇತ್ರ; ಮೊನೆ ಎಲ್ಲೆಲ್ಲಿ ಓಡಾಡಿತೋ ಅದೆಲ್ಲ ಹಲಗೆಯ ನೆನಪಿನಲ್ಲಿ ಉಳಿಯುತ್ತದೆ. ಗಾಜಿನ ಮೇಲೆ ಬರೆಯುವ ಟ್ಯಾಬ್ಲೆಟ್ ನನ್ನ ಕೈಗೆ ಒಗ್ಗಲಿಲ್ಲ. ಹಾಳಿಯ ತರಿ ಬೇಕು ನನಗೆ.

ಮನೆಗೆ ಬಂದು ಫೋನಿಗೆ ಜೋಡಿಸಿದೆ. ಬಂದದ್ದು ಒಂದೇ ಒಂದು ಪುಟ. ಅದರಲ್ಲಿ ಬೆಳಿಗ್ಗೆ ಹಿರೇಹಡಗಲಿಯಲ್ಲಿ ಬರೆದ ಕಲ್ಲೇಶ್ವರನ ಬಾಗಿಲುವಾಡ; ಕ್ರಿ.ಶ. 1057ರ ಹೊತ್ತಿನ, ಚಾಲುಕ್ಯರ ಕಾಲದ ಕೆಲಸ ಅದು. ಅದರ ಮೇಲೆಯೇ ಮಧ್ಯಾಹ್ನ ಕುರುವತ್ತಿಯಲ್ಲಿ ಕತ್ತು ನೋಯುವವರೆಗೆ ತಲೆಯೆತ್ತಿ ನಿಂತು ಬರೆದ ಮಲ್ಲಿಕಾರ್ಜುನ ಗುಡಿಯ ಮದನಿಕೆ. ಅವಳ ಸೊಂಟದೊಳಗೆ ಬಾಗಿಲಿನ ಬಳ್ಳಿ ಹೊಕ್ಕಿದೆ, ಮುಖದ ಮೇಲೆ ನನ್ನ ಅಳತೆಯ ಅಂಕಿಗಳು ಕೂತಿವೆ, ಎಲ್ಲದರ ಮೇಲೆ ಬಸ್ಸಿನ ಸಮಯ, ಚಿಲ್ಲರೆಯ ಲೆಕ್ಕ. ದೊಡ್ಡದು ಮಾಡಿ ನೋಡಿದೆ, ಸಣ್ಣದು ಮಾಡಿ ನೋಡಿದೆ. ಕಣ್ಣಿಗೆ ಕಾಣುವುದು ಬರೀ ಕಪ್ಪು ಸಿಕ್ಕು. ಮೇಜಿನ ಮೇಲೆ ಒದ್ದೆ ಹಾಳಿ, ಕೈಯಲ್ಲಿ ಈ ಸಿಕ್ಕು. ಎರಡರಲ್ಲೂ ನನ್ನ ದಿನ ಇತ್ತು, ಯಾವುದರಿಂದಲೂ ತೆಗೆಯಲಾಗಲಿಲ್ಲ. ಮನೆಯಾಕೆ ಊಟಕ್ಕೆ ಕರೆದಳು, ಹೋಗಲಿಲ್ಲ.

ಪುಟ ಬದಲಾದಾಗ ಹಲಗೆಯ ಗುಂಡಿ ಒತ್ತಬೇಕಂತೆ! ಹಾಳಿ ತಿರುವಿದ್ದು ಅದಕ್ಕೆ ತಿಳಿಯುವುದೇ ಇಲ್ಲ. ಎಲ್ಲವನ್ನೂ ಜೋಡಿಸಿಕೊಟ್ಟ ಅಕ್ಕನ ಮಗ ಹೇಳಿದ್ದೇನು? "ಮಾವ, ಹಾಳಿ ತಿರುವಿದ್ರ ಸಾಕು, ಅದಾ ತಿಳ್ಕಂತೈತಿ." ಫೋನ್ ಮಾಡಿದರೆ, ಅಳಿಸಿ ಹೊಸದಾಗಿ ಬರಿ ಅಂದ. ಕುರುವತ್ತಿಯ ಬಿಸಿಲಲ್ಲಿ ನಿಂತವನು ಅವನಲ್ಲವಲ್ಲ.

ಹಟ ಬಿಡದೆ ಆ್ಯಪನ್ನು ಕೆದಕಿದಾಗ ದಾರಿ ಸಿಕ್ಕಿತು. ಗೆರೆಗಳು ಎಳೆದ ಕ್ರಮದಲ್ಲೇ ಉಳಿದಿರುತ್ತವೆ. ಕೆಳಗಿನ ಪಟ್ಟಿಯನ್ನು ಹಿಂದಕ್ಕೆ ಸರಿಸಿದಂತೆ ಮೊದಲು ಚಿಲ್ಲರೆ ಲೆಕ್ಕ ಕರಗಿತು, ಆಮೇಲೆ ಮದನಿಕೆಯ ಕಾಲು, ಕೈ, ಜಡೆ. ಬಾಗಿಲುವಾಡವೊಂದೇ ನಿಂತಾಗ ಪುಟವನ್ನು ಅಲ್ಲಿಗೆ ತುಂಡರಿಸಿದೆ. ಮುಗಿಯುವಾಗ ನಡುರಾತ್ರಿ ದಾಟಿತ್ತು. ಮದನಿಕೆಯ ಎಡಗೈ ಮಾತ್ರ ಅರ್ಧವೇ ಬಂದಿದೆ. ಅಲ್ಲಿ ಹಾಳಿ ಹಲಗೆಯ ಅಂಚು ದಾಟಿ ಜಾರಿತ್ತು.

ಕೊಳ್ಳುವವರಿಗೆ ನಾಲ್ಕು ಮಾತು. ಗುಂಡಿ ಒತ್ತಿ, ದೀಪ ಮಿನುಗಿದ್ದು ಕಂಡ ಮೇಲೆಯೇ ಹಾಳಿ ತಿರುವಿ. ದಪ್ಪ ಪುಸ್ತಕ ಇಡಬೇಡಿ, ಪೆನ್ನಿನ ಸುಳಿವು ಹಲಗೆಗೆ ಸಿಗದು. ಜೆಲ್ ರೀಫಿಲ್ ಬೇಡ, ಬಾಲ್‌ಪಾಯಿಂಟ್ ಆದರೆ ನೀರಿಗೆ ಅಷ್ಟು ಹರಡದು (ನನ್ನದಕ್ಕೆ ಜೆಲ್ ಹಾಕಿಕೊಟ್ಟವನೂ ಅಕ್ಕನ ಮಗನೇ). ಕೈಬರಹವನ್ನು ಅಚ್ಚಕ್ಷರ ಮಾಡುವ ಸೌಲಭ್ಯವನ್ನು ನಂಬಿ ಕೂರಬೇಡಿ. ನನ್ನ ಒತ್ತಕ್ಷರಗಳನ್ನು ಅದು ಮನಸ್ಸಿಗೆ ಬಂದಂತೆ ಓದುತ್ತದೆ. ನಾನು ಚಿತ್ರವಾಗಿಯೇ ಇಟ್ಟುಕೊಳ್ಳುತ್ತೇನೆ.

ಗುಂಡಿಯ ವಿಷಯ ಮೊದಲೇ ಹೇಳಿದ್ದೆ ಎಂದು ಅಕ್ಕನ ಮಗ ಈಗಲೂ ನೆಂಟರ ಮುಂದೆ ವಾದಿಸುತ್ತಾನೆ. ಹೇಳಿರಲಿಲ್ಲ.