ಹೆಸರಿನ ಮೊದಲಕ್ಷರ

ವಾಚನಾಲಯದ ಪಂಚಾಂಗವನ್ನು ತಿರುವುತ್ತ, "ನಮ್ಮ ಮಗುವಿಗೆ ಯಾವ ಅಕ್ಷರ ಬಂದಿದೆ, ನೋಡಿ" ಎಂದು ಬಾಂಧವರು ನಮ್ಮನ್ನು ಕೇಳುವುದುಂಟು. ಲೆಕ್ಕವೇನೂ ಕಠಿಣವಲ್ಲ. ನಕ್ಷತ್ರಗಳು 27, ಒಂದೊಂದಕ್ಕೆ 4 ಪಾದ. ಹೀಗೆ 108 ಪಾದಗಳಿಗೆ ಒಂದೊಂದು ಅಕ್ಷರ. ಚಂದ್ರನು ಒಂದು ಪಾದವನ್ನು ಸುಮಾರು 6 ಗಂಟೆಗಳಲ್ಲಿ ದಾಟುವನಾದ್ದರಿಂದ ಹುಟ್ಟಿದ ದಿನದೊಡನೆ ವೇಳೆಯನ್ನೂ ಬರೆದಿಡಬೇಕು.

ಅಶ್ವಿನಿಗೆ ಚು, ಚೆ, ಚೊ, ಲ. ಎರಡನೆಯ ಪಾದವಾದರೆ ಚೆನ್ನಮ್ಮ, ಚೆಲುವಯ್ಯ ಎಂಬ ನಮ್ಮ ಹಳೆಯ ಹೆಸರುಗಳೇ ಇವೆ. ಚೆನ್ನ, ಚೆಲುವು ಎರಡರ ಅರ್ಥವೂ ಸೊಗಸು. ಆದರೆ ಆರ್ದ್ರೆಯ ಮೂರನೆಯ ಪಾದಕ್ಕೆ ಙ, ಹಸ್ತದ ಮೂರನೆಯದಕ್ಕೆ ಣ! ಇವುಗಳಿಂದ ಮೊದಲಾಗುವ ಹೆಸರನ್ನು ಎಲ್ಲಿಂದ ತರೋಣ? ಅಕ್ಷರಕ್ಕಾಗಿ ಅರ್ಥವಿಲ್ಲದ ಶಬ್ದ ಹೊಸೆದು ಕೂಸಿಗೆ ಕಟ್ಟುವುದು ನಮಗೆ ಸರಿತೋರದು. ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ನಾಲ್ಕು ಬಗೆಯ ಹೆಸರಿಡುವ ಸಂಪ್ರದಾಯವೇ ಇದೆ. ನಕ್ಷತ್ರನಾಮ ಜಾತಕದಲ್ಲಿರಲಿ, ಕರೆಯುವ ಹೆಸರನ್ನು ಅರ್ಥ ನೋಡಿ ಇಡಬಹುದು.

ಇನ್ನು ಕಚೇರಿಯ ಮಾತು. ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರನ್ನು ಮಾತ್ರ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಊರಿನ ಹಿರಿಯರನ್ನು ಕೇಳಲು ಅಷ್ಟು ಅವಕಾಶ ಸಾಲದೇ? ದೇವನಾಗರಿಯಲ್ಲಿ ಚೆ, ಚೇ ಎರಡಕ್ಕೂ ಒಂದೇ ಗುರುತು. ಆದಕಾರಣ ಮುಂಬಯಿ, ಪುಣೆಗಳಲ್ಲಿರುವವರು ಮರಾಠಿ, ಇಂಗ್ಲಿಷ್ ಎರಡರ ಕಾಗುಣಿತವನ್ನೂ ತಾವೇ ಚೀಟಿಯಲ್ಲಿ ಬರೆದುಕೊಡತಕ್ಕದ್ದು. ಗುಮಾಸ್ತರ ಕಿವಿಗೆ ಬಿಡಬಾರದು.